ಅಟ್ಟದ ಮೇಲಿನ ಜಾಯ್‌ಸ್ಟಿಕ್ ಯುಎಸ್‌ಬಿಗೆ ಯಾಕೆ ಒಗ್ಗುವುದಿಲ್ಲ?

ಕಾಸರಗೋಡಿನ ಕಡೆ ಗಲ್ಫಿನ ನಂಟು ಹಳೆಯದು. ರಜೆಗೆ ಊರಿಗೆ ಬಂದವರ ಪೆಟ್ಟಿಗೆಯಲ್ಲಿ ಟೇಪ್ ರೆಕಾರ್ಡರು, ಅತ್ತರಿನ ಜೊತೆ ಮಕ್ಕಳಿಗೆ ಆಟದ ಸಾಮಾನೂ ಬರುತ್ತಿತ್ತು. ಮಂಜೇಶ್ವರದಿಂದ ಹೊಸದುರ್ಗದವರೆಗೆ ಅಟ್ಟಗಳನ್ನು ಗುಡಿಸಿದರೆ ಹಳೆಯ ಜಾಯ್‌ಸ್ಟಿಕ್ಕುಗಳು ಈಗಲೂ ಸಿಕ್ಕಾವು. ಅವನ್ನು ಇವತ್ತಿನ ಲ್ಯಾಪ್‌ಟಾಪಿಗೆ ಜೋಡಿಸಬಹುದಾ? ಧಾರಾಳವಾಗಿ. ಆದರೆ ಸುಮ್ನೆ ಪ್ಲಗ್ ಬದಲಿಸಿದರೆ ಸಾಲದು. ಆ ಕಾಲದ ಜಾಯ್‌ಸ್ಟಿಕ್ಕಿಗೆ ಲೆಕ್ಕ ಬರುತ್ತಿರಲಿಲ್ಲ, ಎಲ್ಲವನ್ನೂ ಕಂಪ್ಯೂಟರೇ ನೋಡಿಕೊಳ್ಳುತ್ತಿತ್ತು. ಈಗ ಕಂಪ್ಯೂಟರು ಸಿದ್ಧ ಉತ್ತರ ಕೇಳುತ್ತದೆ. ಆ ಉತ್ತರ ಬರೆದುಕೊಡುವುದೇ ಅಡಾಪ್ಟರಿನ ಕೆಲಸ.

1977ರಲ್ಲಿ ಬಂದ, ಟಿವಿಗೆ ಜೋಡಿಸುವ ಆಟದ ಯಂತ್ರ ಅಟಾರಿ ವಿಸಿಎಸ್‌ನ ಜಾಯ್‌ಸ್ಟಿಕ್ ಬಿಚ್ಚಿದರೆ ಐದೇ ಐದು ಸ್ವಿಚ್ಚು. ನಾಲ್ಕು ದಿಕ್ಕಿಗೆ ನಾಲ್ಕು, ಗುಂಡು ಹೊಡೆಯಲು ಒಂದು. ಕೋಲನ್ನು ಮುಂದೆ ದೂಡಿದರೆ 1ನೇ ಪಿನ್ನು 8ನೇ ಪಿನ್ನಿಗೆ, ಅಂದರೆ ಗ್ರೌಂಡಿಗೆ, ತಾಗುತ್ತದೆ. ಕಮೊಡೋರ್ 64, ಅಮಿಗಾ ಕಂಪ್ಯೂಟರುಗಳೂ ಇದೇ 9 ಪಿನ್ನಿನ ದಾರಿ ಹಿಡಿದವು. 1983ರಲ್ಲಿ ಬಂದ ಎಂಎಸ್‌ಎಕ್ಸ್ ಕಂಪ್ಯೂಟರುಗಳದ್ದೂ 9 ಪಿನ್ನೇ. ಕುವೈತಿನ ಕಂಪನಿಯೊಂದು ಅರಬ್ ದೇಶಗಳಲ್ಲಿ ಸಖ್ರ್ ಹೆಸರಿನಲ್ಲಿ ಮಾರಿದ್ದು ಇವನ್ನೇ. ಆದರೆ ಇವುಗಳಲ್ಲಿ 7ನೇ ಪಿನ್ನು ಎರಡನೇ ಬಟನ್ನಿಗೆ. ಅಟಾರಿಯಲ್ಲಿ ಅದು 5 ವೋಲ್ಟ್ ಬರುವ ಜಾಗ!

90ರ ದಶಕದ 'ಟಿವಿ ಗೇಮ್' ಇನ್ನೂ ಮೋಸದ್ದು. ನಿಂಟೆಂಡೋ ಫ್ಯಾಮಿಕಾಮ್‌ನ ಈ ನಕಲುಗಳಲ್ಲಿ ಎಷ್ಟೋ ಪ್ಯಾಡುಗಳಿಗೆ ಅದೇ 9 ಪಿನ್ನಿನ ಪ್ಲಗ್ಗಿದೆ. ಒಳಗೆ ಮಾತ್ರ ಒಂದು ಚಿಪ್ಪು ಕೂತು, ಎಂಟು ಬಟನ್ನುಗಳ ಸ್ಥಿತಿಯನ್ನು ಒಂದೇ ವಯರಿನಲ್ಲಿ ಒಂದಾದ ಮೇಲೊಂದರಂತೆ ಕಳಿಸುತ್ತದೆ. ಹಾಗಾಗಿ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಎರಡು ತುದಿ ಜೋಡಿಕೊಂಡಿದ್ದರೆ ಬೀಪ್ ಎನ್ನುವ ಕಂಟಿನ್ಯುಟಿಯಲ್ಲಿಟ್ಟು ಎರಡೆರಡು ಪಿನ್ನುಗಳಿಗೆ ಮುಟ್ಟಿಸಿ ಕೋಲು ಆಡಿಸಿ. ಬೀಪ್ ಬಂದು ಬಂದು ನಿಂತರೆ ಒಳಗೆ ಬರೀ ಸ್ವಿಚ್ಚು, ಕೆಲಸ ಸಲೀಸು. ಯಾವ ಜೋಡಿಗೂ ಬೀಪ್ ಬಾರದಿದ್ದರೆ ವಯರು ತುಂಡಾಗಿರಬೇಕು, ಇಲ್ಲವೇ ಚಿಪ್ಪಿರಬೇಕು.

ನಿಜವಾದ ತಲೆನೋವು 15 ಪಿನ್ನಿನದ್ದು. 1981ರಲ್ಲಿ ಐಬಿಎಂ ತನ್ನ ಪಿಸಿಗೆ ಗೇಮ್ ಕಾರ್ಡ್ ತಂದಾಗ ದಿಕ್ಕಿಗೆ ಸ್ವಿಚ್ ಇಡಲಿಲ್ಲ. ರೇಡಿಯೋದ ವಾಲ್ಯೂಮ್ ಕಂಟ್ರೋಲಿನಂಥ 100 ಕಿಲೋ ಓಮ್ ಪೊಟೆನ್ಶಿಯೋಮೀಟರ್ ಇಟ್ಟಿತು. ಕೋಲು ಎಷ್ಟು ವಾಲಿದೆ ಎಂದು ತಿಳಿಯುವ ಉಪಾಯ ಚೆನ್ನಾಗಿದೆ. ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಕಾರ್ಡಿನ ಪುಟ್ಟ ಕೆಪಾಸಿಟರ್ ಆ ಪೊಟೆನ್ಶಿಯೋಮೀಟರ್ ಮೂಲಕ ಚಾರ್ಜ್ ಆಗುತ್ತದೆ. ತಡೆ ಜಾಸ್ತಿಯಾದಷ್ಟೂ ಹೊತ್ತು ಜಾಸ್ತಿ. ಒಂದು ತುದಿಯಲ್ಲಿ 24 ಮೈಕ್ರೋಸೆಕೆಂಡ್, ಇನ್ನೊಂದು ತುದಿಯಲ್ಲಿ ಸುಮಾರು 1,100. ಅಷ್ಟು ಹೊತ್ತೂ ಪ್ರೊಸೆಸರು ಬೇರೆ ಕೆಲಸ ಬಿಟ್ಟು ಎಣಿಸುತ್ತಾ ಕೂರಬೇಕು! ಪ್ರೊಸೆಸರಿನ ವೇಗ ಬದಲಾದರೆ ಎಣಿಕೆಯೂ ಬದಲಾಗುತ್ತದೆ. ಆಟ ಶುರುವಾಗುವ ಮುಂಚೆ 'ಕೋಲನ್ನು ಮೂಲೆಗೆ ದೂಡಿ, ಬಟನ್ ಒತ್ತಿ' ಎಂದು ಕೇಳುತ್ತಿದ್ದುದು ಇದಕ್ಕೇ.

1989ರ ಸೌಂಡ್ ಬ್ಲಾಸ್ಟರ್ ಕಾರ್ಡಿನ ಬೆನ್ನ ಮೇಲೂ ಈ 15 ಪಿನ್ನಿನ ಗೇಮ್ ಪೋರ್ಟ್ ಬಂತು. ಆಮೇಲೆ ಅಸೆಂಬಲ್ ಮಾಡಿಸಿದ ಪಿಸಿಗಳಿಗೆಲ್ಲ ಸೌಂಡ್ ಕಾರ್ಡಿನ ಜೊತೆ ಅದೂ ಪುಕ್ಕಟೆ. 1996ರಲ್ಲಿ ಯುಎಸ್‌ಬಿ ಬಂದು ಆಟವೇ ಬದಲಾಯಿತು. ಈಗ ಸಾಧನವೇ 'ನಾನು ಜಾಯ್‌ಸ್ಟಿಕ್ಕು, ನನಗಿಷ್ಟು ಬಟನ್ನು' ಎಂದು ಪರಿಚಯ ಹೇಳಿಕೊಂಡು ಸಂಖ್ಯೆಗಳನ್ನು ಒಪ್ಪಿಸಬೇಕು. 2007ರ ವಿಂಡೋಸ್ ವಿಸ್ತಾ ಗೇಮ್ ಪೋರ್ಟಿಗೆ ಬಾಗಿಲು ಹಾಕಿತು.

ಮನೆಯಲ್ಲಿ ಮಾಡುವ ಅಡಾಪ್ಟರಿಗೆ ನಾವೇ ಪ್ರೋಗ್ರಾಮ್ ಬರೆದು ತುಂಬಬಹುದಾದ ಪುಟ್ಟ ಬೋರ್ಡು, ಆರ್ಡುಯಿನೋ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೋ, ಸಾಕು. ಅವುಗಳ ಎಟಿಮೆಗಾ 32ಯು4 ಚಿಪ್ಪು ತಾನೇ ಜಾಯ್‌ಸ್ಟಿಕ್ ಎಂದು ಹೇಳಿಕೊಳ್ಳಬಲ್ಲದು. ಕೇರಳದ ಹೈಸ್ಕೂಲುಗಳಿಗೆ ಸರ್ಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್ ಕೊಟ್ಟ ರೋಬೋಟಿಕ್ ಕಿಟ್ಟಿನಲ್ಲಿರುವ ಆರ್ಡುಯಿನೋ ಉನೋ ಬೋರ್ಡನ್ನು ನೋಡಿ ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಆಸೆಪಡಬಹುದು. ಆದರೆ ಉನೋದ ಮುಖ್ಯ ಚಿಪ್ಪಿಗೆ ಯುಎಸ್‌ಬಿ ಗೊತ್ತಿಲ್ಲ. ಪಕ್ಕದ ಇನ್ನೊಂದು ಚಿಪ್ಪಿನ ಫರ್ಮ್‌ವೇರ್, ಅಂದರೆ ಅದರೊಳಗಿನ ಪ್ರೋಗ್ರಾಮ್, ಬದಲಿಸಬೇಕು. ಶಾಲೆಯ ಬೋರ್ಡಿಗೆ ಆ ಕೈಚಳಕ ಬೇಡ.

ಸ್ವಿಚ್ಚಿನ ಜಾಯ್‌ಸ್ಟಿಕ್ಕಿಗೆ ಐದು ವಯರು, ಒಂದು ಗ್ರೌಂಡ್, ಮುಗೀತು. 15 ಪಿನ್ನಿನದಕ್ಕೆ 5 ವೋಲ್ಟ್ ಕೊಟ್ಟು, 3 ಮತ್ತು 6ನೇ ಪಿನ್ನುಗಳನ್ನು ಬೋರ್ಡಿನ ಅನಲಾಗ್ ಪಿನ್ನುಗಳಿಗೆ ಎಳೆದು, ಪ್ರತಿಯೊಂದರಿಂದ ಗ್ರೌಂಡಿಗೆ 100 ಕಿಲೋ ಓಮ್ ರೆಸಿಸ್ಟರ್ ಹಾಕಬೇಕು. ಬೋರ್ಡು 0ಯಿಂದ 5 ವೋಲ್ಟನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಓದುತ್ತದೆ. ಆಗ ಕೋಲಿನ ಒಂದು ತುದಿಯಲ್ಲಿ 1023, ಇನ್ನೊಂದರಲ್ಲಿ 511 ಬರುತ್ತದೆ. ನಡುವೆ 767 ಬರಬೇಕಲ್ವಾ? ಬರುವುದು 682. ಹಾಗೇ ಬಿಟ್ಟರೆ ಆಟದ ವಿಮಾನ ಒಂದೇ ಕಡೆ ವಾಲುತ್ತದೆ. 1023ನ್ನು ಓದಿದ ಸಂಖ್ಯೆಯಿಂದ ಭಾಗಿಸಿ, 1 ಕಳೆದು, 100ರಿಂದ ಗುಣಿಸಿ. ಪೊಟೆನ್ಶಿಯೋಮೀಟರಿನ ನಿಜವಾದ ಕಿಲೋ ಓಮ್ ಸಿಗುತ್ತದೆ, ನಡು ನಡುವಿಗೇ ಬರುತ್ತದೆ.

ಇಷ್ಟಾದರೂ ಸಂಖ್ಯೆ ಕುಣಿಯುತ್ತಿದ್ದರೆ ಪ್ರೋಗ್ರಾಮನ್ನು ಬೈಯಬೇಡಿ. ಕಡಲ ಗಾಳಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಸಾಮಾನು ಅದು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಕೋಲನ್ನು ಚೆನ್ನಾಗಿ ಆಡಿಸಿ. ಒಳಗಿನ ಕಾರ್ಬನ್ ಪಟ್ಟಿಯೇ ಸವೆದಿದ್ದರೆ 'ಬಿ 100 ಕೆ' ಎಂದು ಬರೆದ ಹೊಸ ಪೊಟೆನ್ಶಿಯೋಮೀಟರ್ ತನ್ನಿ. ಕೊಳ್ಳುವ ಮೊದಲು ಹಳೆಯದರ ದಂಡಿನ ಉದ್ದವನ್ನು ಅಳೆದುಕೊಂಡು ಹೋಗಿ.