ಗೊತ್ತಿದ್ದೂ ಬಿಟ್ಟ ದೋಷಗಳು

ಬಿಡುಗಡೆಗೆ ನಾಲ್ಕೇ ದಿನ ಉಳಿದಿವೆ. ಪರದೆಯ ಮೇಲೆ ಇನ್ನೂರು ದೋಷಗಳ ಪಟ್ಟಿ. ಒಂದೊಂದನ್ನೇ ಓದಿ, ಇದು ಈಗಲೇ ಸರಿಯಾಗಬೇಕೇ, ಮುಂದಿನ ಆವೃತ್ತಿಗೆ ಹೋಗಬಹುದೇ ಎಂದು ತೀರ್ಮಾನಿಸುವ ಸಭೆ ಅದು. ತಂತ್ರಾಂಶ ತಯಾರಿಕೆಯಲ್ಲಿ ಕೆಲಸ ಮಾಡಿದ ಹೆಚ್ಚಿನವರು ಒಮ್ಮೆಯಾದರೂ ಇಂಥ ಸಭೆಯಲ್ಲಿ ಕುಳಿತಿರುತ್ತಾರೆ. ಹೊರಗಿನವರಿಗೆ ಮಾತ್ರ ಇದು ಅಚ್ಚರಿಯ ಸಂಗತಿ: ನಾವು ಬಳಸುವ ದೊಡ್ಡ ತಂತ್ರಾಂಶಗಳಲ್ಲಿ ಎದುರಾಗುವ ಎಷ್ಟೋ ದೋಷಗಳು ಬಿಡುಗಡೆಯ ದಿನವೇ ತಯಾರಕರಿಗೆ ಗೊತ್ತಿದ್ದವು.

ಇದನ್ನು ಬರೀ ಸೋಮಾರಿತನ ಎನ್ನಲಾಗದು. 1960ರ ದಶಕದ ಕೊನೆಗೇ ಐಬಿಎಂನ ಓಎಸ್/360 ಎಂಬ ಕಾರ್ಯಾಚರಣ ವ್ಯವಸ್ಥೆಯ (ಗಣಕವನ್ನು ನಡೆಸುವ ಮೂಲ ತಂತ್ರಾಂಶದ) ಬಗ್ಗೆ ಅಲ್ಲಿನವರೇ ಒಂದು ಮಾತು ಹೇಳಿದ್ದರು: ಪ್ರತಿ ಆವೃತ್ತಿಯಲ್ಲೂ ಸುಮಾರು 1000 ದೋಷಗಳಿರುತ್ತವೆ, ಆ ಸಂಖ್ಯೆ ಹೆಚ್ಚುಕಡಿಮೆ ಹಾಗೇ ನಿಂತಿದೆ. ಹಳೆಯವು ಹೋದಂತೆ ಹೊಸವು ಹುಟ್ಟುತ್ತಿದ್ದವು. ಆ ಯೋಜನೆಯ ನೇತೃತ್ವ ವಹಿಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಕಾರಣವನ್ನೂ ಬರೆದರು. ಒಂದು ದೋಷವನ್ನು ಸರಿಪಡಿಸುವಾಗ ಇನ್ನೊಂದು ನುಸುಳುವ ಸಾಧ್ಯತೆ ಶೇಕಡ 20ರಿಂದ 50ರಷ್ಟಿರುತ್ತದೆ ಎಂಬುದು ಅವರ ಅನುಭವದ ಅಂದಾಜು. ಕೊನೆಯ ವಾರದಲ್ಲಿ ಮಾಡಿದ ತಿದ್ದುಪಡಿಯನ್ನು ಪರೀಕ್ಷಿಸಲು ಸಮಯವೇ ಇರುವುದಿಲ್ಲ. ಗೊತ್ತಿರುವ ಸಣ್ಣ ದೋಷದೊಡನೆ ಹೊರಡುವುದೋ, ಗೊತ್ತಿಲ್ಲದ ಹೊಸದೊಂದನ್ನು ಕಟ್ಟಿಕೊಂಡು ಹೊರಡುವುದೋ ಎಂಬ ಪ್ರಶ್ನೆ ಬಂದಾಗ, ಮೊದಲನೆಯದನ್ನು ಆರಿಸುವವರನ್ನು ದೂರುವಂತಿಲ್ಲ.

ಈ ವಿಂಗಡಣೆಗೆ ಉದ್ಯಮದವರು ಇಟ್ಟ ಹೆಸರು ಟ್ರಯಾಜ್. ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ನೋಡಿ, ಯಾರಿಗೆ ಮೊದಲು ಚಿಕಿತ್ಸೆ ಎಂದು ನಿರ್ಧರಿಸುವುದಕ್ಕೆ ವೈದ್ಯರು ಬಳಸುವ ಫ್ರೆಂಚ್ ಮೂಲದ ಪದ ಅದು. ಒಂದು ಮುಖ್ಯ ವ್ಯತ್ಯಾಸವನ್ನು ಮಾತ್ರ ಈ ಹೆಸರು ಮರೆಸುತ್ತದೆ. ವೈದ್ಯರ ಕಣ್ಣೆದುರು ಗಾಯಾಳು ಮಲಗಿರುತ್ತಾನೆ. ಬಿಡುಗಡೆಯ ಸಭೆಯಲ್ಲಿ ಕುಳಿತವರ ಎದುರಿಗೆ ಯಾರೂ ಇರುವುದಿಲ್ಲ. ಪೆಟ್ಟು ತಿನ್ನಬೇಕಾದವನು ಆ ತಂತ್ರಾಂಶವನ್ನು ಇನ್ನೂ ಬಳಸಿಯೇ ಇಲ್ಲ.

ಸಭೆ ಅಳೆಯುವುದು ಮುಖ್ಯವಾಗಿ ಎರಡನ್ನು. ತೀವ್ರತೆ ಎಂದರೆ ದೋಷ ಮಾಡುವ ಹಾನಿ ಎಷ್ಟು ಆಳ ಎಂಬುದು. ಆದ್ಯತೆ ಎಂದರೆ ಅದನ್ನು ಎಷ್ಟು ಬೇಗ ಸರಿಪಡಿಸಬೇಕು ಎಂಬುದು. ಮೊದಲ ಪುಟದಲ್ಲೇ ಉತ್ಪನ್ನದ ಹೆಸರು ತಪ್ಪಾಗಿ ಅಚ್ಚಾಗಿದ್ದರೆ ತೀವ್ರತೆ ಕಡಿಮೆ, ಆದ್ಯತೆ ಹೆಚ್ಚು. ಇವೆರಡರ ನಡುವೆ ಮೂರನೆಯ ಲೆಕ್ಕವೊಂದು ಸದ್ದಿಲ್ಲದೆ ಬಂದು ಕೂರುತ್ತದೆ: ಇದು ಎಷ್ಟು ಜನರಿಗೆ, ಎಷ್ಟು ಸಲ ಎದುರಾಗುತ್ತದೆ? ದೊಡ್ಡ ಎಡವಟ್ಟುಗಳು ಈ ಲೆಕ್ಕದಲ್ಲೇ ಆಗಿವೆ ಎಂಬುದು ನನ್ನ ನಂಬಿಕೆ.

1994ರ, ಇಂಟೆಲ್ ಕಂಪನಿಯ ಪೆಂಟಿಯಂ ಚಿಪ್‌ನ ಪ್ರಕರಣ ತಂತ್ರಾಂಶದ್ದಲ್ಲವಾದರೂ ಇದೇ ಜಾತಿಯದು. ಕೆಲವು ಭಾಗಾಕಾರಗಳಲ್ಲಿ ಅದು ತಪ್ಪು ಉತ್ತರ ಕೊಡುತ್ತಿತ್ತು. ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಇದನ್ನು ಬಹಿರಂಗಪಡಿಸುವ ಮೊದಲೇ ಇಂಟೆಲ್‌ಗೆ ವಿಷಯ ತಿಳಿದಿತ್ತು. ಸಾಮಾನ್ಯ ಬಳಕೆದಾರನಿಗೆ ಇದು 27,000 ವರ್ಷಕ್ಕೊಮ್ಮೆ ಎದುರಾದೀತು ಎಂದು ಇಂಟೆಲ್ ಲೆಕ್ಕ ಹಾಕಿತು. 24 ದಿನಕ್ಕೊಮ್ಮೆಯೇ ಎದುರಾಗಬಹುದು ಎಂದು ಐಬಿಎಂ ಲೆಕ್ಕ ಹಾಕಿತು. ಇಬ್ಬರ ಗಣಿತವೂ ಸರಿಯೇ, ಬೇರೆಯಾಗಿದ್ದದ್ದು ಬಳಕೆದಾರ ಏನು ಮಾಡುತ್ತಾನೆ ಎಂಬ ಊಹೆ. ಕೊನೆಗೆ ಕೇಳಿದವರಿಗೆಲ್ಲ ಚಿಪ್ ಬದಲಿಸಿಕೊಡಲು ಇಂಟೆಲ್ ಒಪ್ಪಿತು. ಅದಕ್ಕೆ ತೆತ್ತ ಬೆಲೆ 47.5 ಕೋಟಿ ಡಾಲರ್.

ಇದಕ್ಕಿಂತ ಕಲಕುವ ಉದಾಹರಣೆ 1996ರ ಜೂನ್ 4ರದು. ಫ್ರೆಂಚ್ ಗಯಾನಾದಿಂದ ಮೇಲೇರಿದ ಏರಿಯಾನ್ 5 ರಾಕೆಟ್ 40 ಸೆಕೆಂಡುಗಳ ಆಸುಪಾಸಿನಲ್ಲಿ ದಾರಿ ತಪ್ಪಿ ಸಿಡಿದುಹೋಯಿತು. ದಿಕ್ಕು ಹೇಳುವ ವ್ಯವಸ್ಥೆಯ ತಂತ್ರಾಂಶದಲ್ಲಿ, 64 ಬಿಟ್‌ನ ದೊಡ್ಡ ಸಂಖ್ಯೆಯೊಂದನ್ನು 16 ಬಿಟ್‌ನ ಜಾಗಕ್ಕೆ ತುರುಕುವಾಗ ಅದು ಹಿಡಿಸದೆ ವ್ಯವಸ್ಥೆಯೇ ಕೈಕೊಟ್ಟಿತು. ಇಂಥ ಅಪಾಯವಿರುವ ಚರಗಳು (ಬೆಲೆ ಬದಲಾಗುತ್ತಿರುವ ಸಂಖ್ಯೆಗಳು) ಏಳಿವೆ ಎಂಬುದು ತಯಾರಿಕೆಯ ಕಾಲಕ್ಕೇ ಪತ್ತೆಯಾಗಿತ್ತು. ಗಣಕದ ಮೇಲಿನ ಹೊರೆ ಶೇಕಡ 80 ಮೀರಬಾರದೆಂಬ ಮಿತಿಯಿತ್ತು. ಹಾಗಾಗಿ ನಾಲ್ಕಕ್ಕೆ ರಕ್ಷಣೆ ಕೊಟ್ಟು, ಮೂರನ್ನು ಹಾಗೇ ಬಿಟ್ಟರು. ಅವು ಮಿತಿ ಮೀರುವುದಿಲ್ಲ ಎಂದು ನಂಬಿದರು. ಈ ತಂತ್ರಾಂಶ ಮೊದಲು ಬಳಕೆಯಾಗಿದ್ದ ಹಿಂದಿನ ರಾಕೆಟ್ ಏರಿಯಾನ್ 4ರ ಹಾದಿಯಲ್ಲಿ ಆ ನಂಬಿಕೆ ಹುಸಿಯಾಗಲಿಲ್ಲ. ಏರಿಯಾನ್ 5 ಮೊದಲ ಕ್ಷಣಗಳಲ್ಲೇ ಅಡ್ಡಡ್ಡಲಾಗಿ ಹೆಚ್ಚು ವೇಗ ಪಡೆಯುತ್ತಿತ್ತು, ಹಾಗಾಗಿ ಬಿಟ್ಟ ಮೂರರಲ್ಲೊಂದು ಮಿತಿ ಮೀರಿತು. ಮೀಸಲಾಗಿಟ್ಟ ಎರಡನೆಯ ಘಟಕದಲ್ಲೂ ಅದೇ ತಂತ್ರಾಂಶವಿದ್ದುದರಿಂದ ಅದೂ ಅದೇ ರೀತಿ ಕೈಕೊಟ್ಟಿತು. ಹೊಟ್ಟೆ ಉರಿಸುವ ಸಂಗತಿಯೆಂದರೆ, ರಾಕೆಟ್ ನೆಲ ಬಿಟ್ಟ ಮೇಲೆ ಆ ಲೆಕ್ಕಾಚಾರದ ಅಗತ್ಯವೇ ಇರಲಿಲ್ಲ.

ತನಿಖಾ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಾಲು. ಆ ಮೂರನ್ನು ಏಕೆ ಬಿಡಲಾಯಿತು ಎಂಬ ಸಮರ್ಥನೆ ತಂತ್ರಾಂಶದ ಮೂಲಸಂಕೇತದಲ್ಲಿ (ಸೋರ್ಸ್ ಕೋಡ್) ನೇರವಾಗಿ ಎಲ್ಲೂ ಸಿಗಲಿಲ್ಲ. ಬಿಟ್ಟವರಿಗೆ ಕಾರಣ ಗೊತ್ತಿತ್ತು, ರಾಕೆಟ್ ಬದಲಾದಾಗ ಆ ಕಾರಣವನ್ನು ಮತ್ತೆ ಕೇಳುವ ಅವಕಾಶ ಯಾರಿಗೂ ಒದಗಲಿಲ್ಲ.

ಈ ವಿಷಯದಲ್ಲಿ ಡೆಬಿಯನ್‌ನವರ ಪದ್ಧತಿ ನನಗೆ ತುಂಬ ಇಷ್ಟ. ಸ್ವಯಂಸೇವಕರು ಕಟ್ಟುವ ಈ ಕಾರ್ಯಾಚರಣ ವ್ಯವಸ್ಥೆಯ ದೋಷಪಟ್ಟಿ ಎಲ್ಲರಿಗೂ ತೆರೆದಿರುತ್ತದೆ. ಸಮಸ್ಯೆಗಳನ್ನು ಮುಚ್ಚಿಡುವುದಿಲ್ಲ ಎಂದು 1997ರಲ್ಲೇ ಅವರು ಮಾತು ಕೊಟ್ಟಿದ್ದಾರೆ. ದತ್ತಾಂಶ ಅಳಿಸುವ, ಭದ್ರತೆಗೆ ಕನ್ನ ಕೊರೆಯುವ, ಇಡೀ ವ್ಯವಸ್ಥೆಯನ್ನೇ ಕೆಡಿಸುವಂಥ ದೋಷಗಳು ಬಿಡುಗಡೆಗೆ ಅಡ್ಡ ನಿಲ್ಲುತ್ತವೆ. ಅಂಥದ್ದೊಂದನ್ನು ಈ ಸಲಕ್ಕೆ ಬದಿಗಿಡಬೇಕಾದರೆ, ಬಿಡುಗಡೆಯ ಹೊಣೆ ಹೊತ್ತವರು ಅದಕ್ಕೆ ಎಲ್ಲರಿಗೂ ಕಾಣುವಂತೆ ಗುರುತು ಹಚ್ಚುತ್ತಾರೆ. ಈ ನಿಷ್ಠೆಗೆ ಬೆಲೆಯೂ ಇದೆ: 2002ರ ಜುಲೈನಲ್ಲಿ ಬಂದ ಆವೃತ್ತಿಯ ನಂತರದ್ದು ಹೊರಬರಲು 2005ರ ಜೂನ್‌ವರೆಗೆ ಕಾಯಬೇಕಾಯಿತು.

ಅಂತರಜಾಲದ ಮೂಲಕ ತಿದ್ದುಪಡಿ ಕಳಿಸುವುದು ಸುಲಭವಾದ ಮೇಲೆ, "ಆಮೇಲೆ ನೋಡೋಣ" ಎಂಬುದು ಅಗ್ಗವಾಯಿತು. ತಂತ್ರಾಂಶ ಡಿಸ್ಕಿನಲ್ಲಿ ಅಚ್ಚಾಗಿ ಹೋಗುತ್ತಿದ್ದ ಕಾಲದಲ್ಲಿ ಆ ಮಾತಿಗೆ ತೂಕವಿತ್ತು. ಆದರೆ ಅಳಿದ ಕಡತವನ್ನು ಯಾವ ತಿದ್ದುಪಡಿಯೂ ತಾನಾಗಿ ತಂದುಕೊಡುವುದಿಲ್ಲ. 2018ರ ಅಕ್ಟೋಬರ್ 2ರಂದು ವಿಂಡೋಸ್ 10ರ ಹೊಸ ಆವೃತ್ತಿ ಬಂದಾಗ ಆದದ್ದು ಇದೇ. ಹಿಂದಿನ ಆವೃತ್ತಿಯಲ್ಲಿ ಕೆಲವರಿಗೆ ಒಂದೇ ಹೆಸರಿನ ಖಾಲಿ ಫೋಲ್ಡರುಗಳು ಕಾಣಿಸುತ್ತಿದ್ದವು, ಕಿರಿಕಿರಿ, ಅಷ್ಟೇ. ಅವನ್ನು ತೆಗೆದುಹಾಕಲು ಬರೆದ ಸಂಕೇತ, ಇನ್ನೊಂದು ಬದಲಾವಣೆಯ ಜೊತೆ ಸೇರಿ, ಕೆಲವರ ಹಳೆಯ ಫೋಲ್ಡರುಗಳನ್ನು ಒಳಗಿದ್ದ ಕಡತಗಳ ಸಮೇತ ಅಳಿಸಿತು. ನಾಲ್ಕೈದು ದಿನಗಳಲ್ಲೇ ಮೈಕ್ರೋಸಾಫ್ಟ್ ವಿತರಣೆಯನ್ನು ತಡೆಹಿಡಿಯಿತು.

ಬಿಡುಗಡೆಗೆ ಮುನ್ನ ಅದನ್ನು ಪರೀಕ್ಷಿಸುತ್ತಿದ್ದ ಕೆಲವು ಬಳಕೆದಾರರು ಕಡತಗಳು ಮಾಯವಾದವೆಂದು ದೂರು ಬರೆದಿದ್ದರು. ಆ ದೂರುಗಳಿಗೆ ಉಳಿದ ಬಳಕೆದಾರರಿಂದ ಬಿದ್ದ ಮತಗಳು ಕಡಿಮೆಯಿದ್ದವು, ರಾಶಿಯಲ್ಲಿ ಅವು ಕೆಳಗೇ ಉಳಿದವು. ನವೆಂಬರ್ 13ರಂದು ಆವೃತ್ತಿಯನ್ನು ಮತ್ತೆ ಹೊರತರುವ ಮುನ್ನ, ದೂರು ಬರೆಯುವ ನಮೂನೆಗೆ ಮೈಕ್ರೋಸಾಫ್ಟ್ ಹೊಸ ಪ್ರಶ್ನೆಯೊಂದನ್ನು ಸೇರಿಸಿತು: ಈ ಸಮಸ್ಯೆ ನಿಮಗೆ ಎಷ್ಟು ತೀವ್ರವಾದದ್ದು?