ಮಣ್ಣಿನ ಅರಮನೆಗೆ ಸಿಮೆಂಟ್ ಬೇಡ

ಪಶ್ಚಿಮ ಆಫ್ರಿಕಾದ ಅಬೋಮೆ ಎಂಬ ಊರಿನ ಹಳೇ ಮಣ್ಣಿನ ಅರಮನೆಗಳ ಚಿತ್ರ ತೋರಿಸಿದಾಗಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ: 'ಇಷ್ಟೆಲ್ಲ ಆರೈಕೆ ಯಾಕೆ? ಒಂದು ಕೋಟ್ ಸಿಮೆಂಟ್ ಹೊಡೆದರೆ ಆಯ್ತಲ್ವಾ?' ಹಳೇ ಮಣ್ಣಿನ ಮನೆ ರಿಪೇರಿಗೆಂದು ನನ್ನ ಹತ್ತಿರ ಬರುವವರೂ ಇದನ್ನೇ ಕೇಳುತ್ತಾರೆ. ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದರೂ ಇನ್ನೊಮ್ಮೆ ಹೇಳುತ್ತೇನೆ.

ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತದೆ, ಬಿಸಿಲು ಗಾಳಿಗೆ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಗಾರೆ ಬಿತ್ತೆಂದರೆ ಆ ದಾರಿ ಬಂದ್. ನೀರು ಗಾರೆಯ ಹಿಂದೆಯೇ ನಿಂತು ಮಣ್ಣು ಒಳಗೊಳಗೇ ಮೆತ್ತಗಾಗುತ್ತದೆ. ಉಪ್ಪು ಕಟ್ಟಿಕೊಳ್ಳುತ್ತದೆ. ನೋಡಲು ಮಾತ್ರ ಗೋಡೆ ಗಟ್ಟಿಮುಟ್ಟು. ಬೆರಳಲ್ಲಿ ತಟ್ಟಿ ನೋಡಿ, ಟೊಳ್ಳು ಸದ್ದು ಬರುತ್ತದೆ. ಕೊನೆಗೆ ಗಾರೆ ಹಪ್ಪಳದ ಹಾಗೆ ಎದ್ದು ಬೀಳುತ್ತದೆ. ಸುಮ್ನೆ ಬೀಳುವುದಿಲ್ಲ, ಗೋಡೆಯ ಮೈಯನ್ನೂ ಕಿತ್ತುಕೊಂಡು ಹೋಗುತ್ತದೆ.

ಅಬೋಮೆಯಲ್ಲಿ ಇತಿಹಾಸ ಇರುವುದೇ ಆ ಮೈ ಮೇಲೆ. ಇಂದಿನ ಬೆನಿನ್ ದೇಶದ ಈ ಊರು ದಹೋಮಿ ರಾಜ್ಯದ ರಾಜಧಾನಿಯಾಗಿತ್ತು. ಒಬ್ಬೊಬ್ಬ ರಾಜನೂ ಹಿಂದಿನವರ ಅರಮನೆಯ ಬಳಿಯೇ ತನ್ನದನ್ನು ಕಟ್ಟಿಸಿದ. 1892ರಲ್ಲಿ ಫ್ರೆಂಚ್ ಸೇನೆ ಹತ್ತಿರ ಬಂದಾಗ ಬೆಹಾಂಜಿನ್ ರಾಜ ಅರಮನೆಗಳಿಗೆ ಬೆಂಕಿ ಇಡಿಸಿದ. ಘೇಜೋ ಮತ್ತು ಗ್ಲೆಲೆ ರಾಜರ ಅರಮನೆಗಳು ಆಮೇಲೆ ಮ್ಯೂಸಿಯಂ ಆದವು. ಅಲ್ಲಿನ ಉಬ್ಬುಚಿತ್ರಗಳನ್ನು ಹುತ್ತದ ಮಣ್ಣಿಗೆ ತಾಳೆ ಎಣ್ಣೆ ಕಲಸಿ ಮಾಡಿದ್ದರು. ಗ್ಲೆಲೆಯ ಗುರುತಾದ ಸಿಂಹ, ಕಾದಾಡುವ ಹೆಣ್ಣು ಯೋಧರು ಅವುಗಳಲ್ಲಿದ್ದಾರೆ. ಅಂಥ ಚಿತ್ರದ ಮೇಲೆ ಸಿಮೆಂಟ್ ಹೊಡೆಯುತ್ತೀರಾ?

1988ರಲ್ಲಿ ಗ್ಲೆಲೆಯ ಒಂದು ಕಟ್ಟಡ ಕೆಡವುವ ಮೊದಲು ಅಲ್ಲಿದ್ದ 56 ಉಬ್ಬುಚಿತ್ರಗಳಲ್ಲಿ 50ನ್ನು ಗೋಡೆಯಿಂದ ಬಿಡಿಸಿ ಉಳಿಸಿಕೊಂಡರು. 1993ರಿಂದ 1997ರವರೆಗೆ ಬೆನಿನ್‌ನವರು ಮತ್ತು ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆಯವರು ಸೇರಿ ಅವನ್ನು ಜೋಪಾನ ಮಾಡಿದರು. ಅಲ್ಲಿನವರಿಗೇ ಕೆಲಸ ಕಲಿಸಿದ್ದು ನನಗೆ ತುಂಬಾ ಇಷ್ಟವಾದ ಸಂಗತಿ. ಮಣ್ಣಿಗೆ ವರ್ಷವರ್ಷವೂ ಆರೈಕೆ ಬೇಕು, ಅದಕ್ಕೆ ಊರಿನ ಕೈಗಳೇ ಬೇಕು.

ಮಳೆ ತಡೆಯಲು ಹಳಬರು ನಂಬಿದ್ದು ಚಾವಣಿಯನ್ನು. ಕಡಿದಾದ ಹುಲ್ಲಿನ ಚಾವಣಿ, ತಗ್ಗಿಗೆ ಇಳಿದ ಸೂರು. ಆಮೇಲೆ ತಗಡು ಬಂತು. ಹಾಗಂತ ಎಲ್ಲ ಕಡೆ ಹುಲ್ಲೇ ಹಾಕಿ ಎಂದು ಹೇಳಲಾರೆ. 2009ರಲ್ಲಿ ಬೆಂಕಿ ಬಿದ್ದು ಅಲ್ಲಿನ ಹಲವು ಕಟ್ಟಡಗಳು ಸುಟ್ಟವು.

ನಿಮ್ಮ ಗೋಡೆಗೆ ಏನು ಹಚ್ಚಬೇಕೆಂದು ನೋಡದೆ ಹೇಳಲಾರೆ. ಮೊದಲು ಸೂರು ನೋಡಿ, ಬುಡದಲ್ಲಿ ನೀರು ನಿಲ್ಲುತ್ತದೆಯೇ ನೋಡಿ. ಸಿಮೆಂಟ್ ಆಗಲೇ ಹೊಡೆಸಿದ್ದರೆ ನೀವಾಗಿಯೇ ಸುತ್ತಿಗೆ ಹಿಡಿಯಬೇಡಿ. ಒಳಗಿನ ಮಣ್ಣು ಎಷ್ಟು ಹಸಿಯಿದೆ ಎಂದು ಬಲ್ಲವರಿಗೆ ತೋರಿಸಿ, ಆಮೇಲೆ ಗಾರೆ ಬಿಡಿಸಿ.