ಚೋರ್ಲಾ ಇಳಿದ ಕೈಗೆ ಅಕ್ಟೋಬರಿನ ಆಲ್ಪ್ಸ್ ಒಗ್ಗೀತೇ?

ಪ್ರಶ್ನೆ: "ನಾವು ಬೆಳಗಾವಿಯವರ್ರೀ. ಮಳೆಗಾಲದಾಗೂ ಚೋರ್ಲಾ ಘಾಟ್ ಇಳದು ಗೋವಾಕ್ಕ ಹೋಗಿ ಬರೋ ರೂಢಿ ಐತಿ. ಈ ಸಲ ದಸರಾ ಸೂಟಿಗೆ ಮನಿಮಂದಿ ಎಲ್ಲಾ ಸ್ವಿಟ್ಜರ್ಲೆಂಡಿಗೆ ಹೊಂಟೇವಿ. ಅಲ್ಲೇ ಕಾರ್ ಬಾಡಿಗಿ ಹಿಡದು ಫುರ್ಕಾ, ಗ್ರಿಮ್ಸೆಲ್ ಘಾಟ್ ನಾನೇ ಓಡಸಬೇಕಂತ ಮಾಡೇನಿ. ಚೋರ್ಲಾ ಓಡಿಸಿದವರಿಗೆ ಅದೇನು ದೊಡ್ಡ ಮಾತಲ್ಲ ಅಂತಾರ ಗೆಳ್ಯಾರು. ಖರೇ ಏನ್ರೀ?"

ಉತ್ತರ: ತಿರುವುಗಳ ಮಟ್ಟಿಗೆ ನಿಮ್ಮ ಗೆಳೆಯರ ಮಾತು ಖರೇ. ಎಲ್ಲೆಡೆ ಅಲ್ಲದಿದ್ದರೂ ಹಲವೆಡೆ ರಸ್ತೆ ಅಗಲವಾಗಿದೆ, ಅಂಚಿಗೆ ಕಟ್ಟೆ ಇದೆ, ಎದುರಿನವನು ಸಾಮಾನ್ಯವಾಗಿ ತನ್ನ ಬದಿ ಬಿಟ್ಟು ಬರುವುದಿಲ್ಲ. ಮಳೆಗಾಲದ ಚೋರ್ಲಾದಲ್ಲಿ ಗುಂಡಿ ತಪ್ಪಿಸುತ್ತ, ಮಂಜಿನಲ್ಲಿ ಲಾರಿಯ ಹಿಂದಿನ ಕೆಂಪು ದೀಪ ಹುಡುಕುತ್ತ ಇಳಿದವರಿಗೆ ಅದು ಆರಾಮವೇ ಅನ್ನಿಸೀತು.

ಆದರೆ ಒಂದು ಲೆಕ್ಕ ಉಲ್ಟಾ ಇದೆ. ಬೆಳಗಾವಿ ಊರೇ ಸುಮಾರು 750 ಮೀಟರ್ ಎತ್ತರದಲ್ಲಿದೆ. ನಮಗೆ ಘಾಟು ಅಂದರೆ ಮೊದಲು ಇಳಿಯುವುದು, ಇಳಿದಂತೆಲ್ಲ ಸೆಕೆ ಏರುವುದು. ಅಲ್ಲಿ ಘಾಟು ಅಂದರೆ ಏರುವುದು, ಏರಿದಂತೆಲ್ಲ ಥಂಡಿ. ಗ್ರಿಮ್ಸೆಲ್ 2,164 ಮೀಟರ್, ಫುರ್ಕಾ 2,429. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಕೆಳಗೆ ಆಂಡರ್‌ಮಾಟ್ ಊರಿನಲ್ಲಿ 8 ಡಿಗ್ರಿ ಇದೆ, ಸ್ವೆಟರ್ ಸಾಕು ಎಂದು ಹೊರಟವರಿಗೆ ಫುರ್ಕಾ ತುದಿಯಲ್ಲಿ ಎರಡು ಡಿಗ್ರಿಯೂ ಇರುವುದಿಲ್ಲ. ನಮ್ಮ ಕಡೆ ರಸ್ತೆ ನೋಡಿ ಗಾಡಿ ಓಡಿಸಿದರೆ ಸಾಕು. ಅಲ್ಲಿ ಅಕ್ಟೋಬರಿನಲ್ಲಿ ಡ್ಯಾಶ್‌ಬೋರ್ಡಿನ ಉಷ್ಣಾಂಶದ ಅಂಕಿಯನ್ನೂ ಬಿಡದೆ ನೋಡುತ್ತಿರಬೇಕು.

ನನಗೆ ಇದು ತಿಳಿದದ್ದು ಒಂದು 'ಟಿಂಗ್' ಸದ್ದಿನಿಂದ. ಅಕ್ಟೋಬರ್ ಎರಡನೇ ವಾರ, ಬೆಳಿಗ್ಗೆ ಒಂಬತ್ತೂವರೆ. ತಪ್ಪಲಿನ ರಿಯಾಲ್ಪ್ ಊರು ದಾಟಿ ಫುರ್ಕಾ ಹತ್ತುತ್ತಿದ್ದೆ. ಆಕಾಶ ತೊಳೆದಿಟ್ಟಂತಿತ್ತು. ಟಿಂಗ್ ಅಂತು, ಪರದೆಯಲ್ಲಿ ಒಂದು ಹಿಮದ ಹರಳಿನ ಚಿತ್ರ, ಪಕ್ಕದಲ್ಲಿ 3 ಡಿಗ್ರಿ. ಬಾಡಿಗೆ ಗಾಡಿಗೆ ಏನೋ ಕೆಟ್ಟಿತು ಎಂದುಕೊಂಡೆ. ಮುಂದಿನ ತಿರುವಿನಲ್ಲಿ ಅರ್ಧ ರಸ್ತೆ ಬಿಸಿಲಲ್ಲಿ ಕಪ್ಪಗೆ ಒದ್ದೆಯಾಗಿತ್ತು. ಗುಡ್ಡದ ನೆರಳು ಬಿದ್ದ ಉಳಿದರ್ಧಕ್ಕೆ ರಂಗೋಲಿ ಪುಡಿ ಉದುರಿಸಿದ ಹಾಗೆ ತೆಳ್ಳಗೆ ಬಿಳುಪು. ಎರಡರ ನಡುವಿನ ಗೆರೆ ಚಾಕುವಿನಿಂದ ಕೊಯ್ದಂತಿತ್ತು. ಗೆರೆ ದಾಟಿದ್ದೇ ತಡ ಸ್ಟೇರಿಂಗ್ ಹಗುರಾಯಿತು, ಕೈಯಲ್ಲಿ ಏನೂ ಇಲ್ಲವೇನೋ ಅನ್ನುವಷ್ಟು. ಹಿಂದೆ ಕೂತವರ ಮಾತು ನಿಂತಿತು. ನಾನು ಮಾಡಿದ ಜಾಣತನ ಒಂದೇ, ಏನೂ ಮಾಡದೆ ಇದ್ದದ್ದು. ಎರಡನೇ ಗೇರಿನಲ್ಲಿತ್ತು, ಆಕ್ಸಿಲರೇಟರ್ ಮೇಲಿನ ಕಾಲು ಮೆಲ್ಲಗೆ ಎತ್ತಿದೆ, ಬ್ರೇಕ್ ಮುಟ್ಟಲಿಲ್ಲ. ಒಂದೆರಡು ಗೇಣು ಪಕ್ಕಕ್ಕೆ ಜಾರಿ ಗಾಡಿ ತಾನೇ ಹಿಡಿತಕ್ಕೆ ಬಂತು.

ನನಗೆ ಕಂಡದ್ದಾದರೂ ಬಿಳಿ ಇಬ್ಬನಿ. ಬಣ್ಣವೇ ಇಲ್ಲದ ಮಂಜುಗಡ್ಡೆ ಇದಕ್ಕಿಂತ ಕೆಟ್ಟದ್ದು. ಹಗಲು ಕರಗಿದ ನೀರು ರಸ್ತೆಗೆ ಅಡ್ಡ ಹರಿದು ಸಂಜೆ ಹೆಪ್ಪುಗಟ್ಟುತ್ತದೆ. ನೋಡಲು ಬರೀ ಒದ್ದೆ ಡಾಂಬರು. ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲ ಗಾಳಿಗಿಂತಲೂ ಹೆಚ್ಚು ತಣಿಯುತ್ತದೆ. ಹಾಗಾಗಿ ಅಂಕಿ 3 ತೋರಿಸುವಾಗಲೇ ನೆಲ ಸೊನ್ನೆಗೆ ಇಳಿದಿರಬಹುದು. ಸೇತುವೆಗೆ ಕೆಳಗಿನಿಂದಲೂ ಥಂಡಿ ಗಾಳಿ ತಾಗುವುದರಿಂದ ಅದು ಉಳಿದ ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತದೆ. ನೆರಳಿನ ತಿರುವು ಮತ್ತು ಸೇತುವೆ, ಇವೆರಡು ಎದುರಾಗುವ ಮೊದಲೇ, ನೇರ ರಸ್ತೆಯಲ್ಲೇ ವೇಗ ಇಳಿಸಿಬಿಡಿ. ಅವುಗಳ ಮೇಲೆ ಹೋದಾಗ ಬ್ರೇಕ್ ಒತ್ತುವುದು, ಗಕ್ಕನೆ ಸ್ಟೇರಿಂಗ್ ತಿರುಗಿಸುವುದು ಎರಡೂ ಬೇಡ.

ಟೈರಿನ ಮಾತು ಇಲ್ಲೇ ಬರಬೇಕು. ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರು ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನ ಪಕ್ಕದಲ್ಲಿ ಮೂರು ಶಿಖರದ ಗುಡ್ಡ, ಅದರೊಳಗೆ ಹಿಮದ ಹರಳು, ಹೀಗೊಂದು ಅಚ್ಚು ಇರುತ್ತದೆ. ಬಾಡಿಗೆ ಕೌಂಟರಿನವರು "ಎಲ್ಲಾ ಹವಾಮಾನಕ್ಕೂ ನಡೀತದೆ" ಅಂದರೆ ನಂಬಿ ಸಹಿ ಹಾಕಬೇಡಿ, ಬಗ್ಗಿ ನೋಡಿ. ನಾನು ನೋಡಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಇಂಥ ದಿನದಿಂದ ಚಳಿಗಾಲದ ಟೈರ್ ಹಾಕಲೇಬೇಕೆಂಬ ಕಾನೂನಿಲ್ಲ; ಆದರೆ ತಕ್ಕ ಟೈರಿಲ್ಲದೆ ಅಪಘಾತ ಮಾಡಿದರೆ ಹೊಣೆ ನಿಮ್ಮ ತಲೆಗೇ ಬರುತ್ತದೆ. ಗಡಿ ದಾಟಿ ಆಸ್ಟ್ರಿಯಾಕ್ಕೆ ಹೋದರೆ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಹಿಮದ ರಸ್ತೆಯಲ್ಲಿ ಅದು ಕಡ್ಡಾಯ.

ಇನ್ನು ಎಡ-ಬಲದ ಗೋಳು. ಅಲ್ಲಿ ಬಲಗಡೆ ಓಡಿಸಬೇಕು, ಗೊತ್ತಿರುವುದೇ. ಮೊದಲ ದಿನ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕುತ್ತೀರಿ, ಮನೆಮಂದಿ ನಗುತ್ತಾರೆ, ನಗಲಿ. ನಗುವಂಥದ್ದಲ್ಲದ್ದು ಹೇರ್‌ಪಿನ್ ತಿರುವು. ನಮ್ಮಲ್ಲಿ ಎಡ ತಿರುವು ಒಳಸುತ್ತು, ಬಿಗಿ. ಬಲ ತಿರುವು ಹೊರಸುತ್ತು, ಸಡಿಲ. ಅಲ್ಲಿ ಬಲ ತಿರುವೇ ಬಿಗಿ. ಚೋರ್ಲಾದ ಲೆಕ್ಕದಲ್ಲಿ ಬಲಕ್ಕೆ ಅಗಲವಾಗಿ ಹೊರಳಿಸಿದರೆ ಗಾಡಿಯ ಮೂತಿ ಎದುರಿನವನ ದಾರಿಯಲ್ಲಿರುತ್ತದೆ. ಗಾಬರಿಯಾದಾಗ ಕೈ ತಾನಾಗಿ ಎಡಕ್ಕೇ ಎಳೆಯುತ್ತದೆ, ಅದು ಇನ್ನೂ ಅಪಾಯ. ಮೊದಲ ದಿನ ತಪ್ಪಲಿನ ಸಣ್ಣ ಊರುಗಳ ನಡುವೆ ಓಡಿಸಿ ಕೈ ಪಳಗಿಸಿಕೊಂಡು ಮರುದಿನ ಘಾಟು ಹತ್ತಿ.

ಏರುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕೆಂಬ ನಿಯಮ ಎರಡೂ ಕಡೆ ಒಂದೇ. ನೀಲಿ ಫಲಕದ ಮೇಲೆ ಹಳದಿ ಕಹಳೆ ಕಂಡರೆ ಅದು ಅಂಚೆ ಬಸ್ಸಿನ ದಾರಿ. ಮೂರು ಸ್ವರದ ಹಾರ್ನ್ ಕೇಳಿತೋ, ಅಗಲವಿದ್ದಲ್ಲಿ ಪಕ್ಕಕ್ಕೆ ನಿಲ್ಲಿ. ಹಿಂದೆ ಸರಿ ಅಂತ ಆ ಡ್ರೈವರ್ ಸನ್ನೆ ಮಾಡಿದರೆ ಸರಿಯಬೇಕು. ಚೋರ್ಲಾದಲ್ಲಿ ಕೆಂಪು ಬಸ್ಸಿಗೆ ದಾರಿ ಬಿಟ್ಟು ರೂಢಿಯಿದ್ದವರಿಗೆ ಇದು ಹೊಸದೇನಲ್ಲ. ಇಳಿಯುವಾಗಿನ ಮಾತೂ ಅದೇ: ಹತ್ತಿದ ಗೇರಿನಲ್ಲೇ ಇಳಿಯಿರಿ. ನ್ಯೂಟ್ರಲ್ ಮಾಡಿ ಎಣ್ಣೆ ಉಳಿಸುವ ನಮ್ಮವರ ಚಟವನ್ನು ಸಾಂಬ್ರಾ ವಿಮಾನ ನಿಲ್ದಾಣದಲ್ಲೇ ಬಿಟ್ಟು ಹೋಗಿ. ಬಾಡಿಗೆಗೆ ಆಟೊಮ್ಯಾಟಿಕ್ ಗಾಡಿ ಸಿಕ್ಕರೆ ಕೈಯಾರೆ ಗೇರ್ ಇಳಿಸುವುದು ಹೇಗೆಂದು ಮೊದಲೇ ನೋಡಿಟ್ಟುಕೊಳ್ಳಿ.

ಮಂಜಿನ ಲೆಕ್ಕವೂ ಉಲ್ಟಾ. ಚೋರ್ಲಾದಲ್ಲಿ ಮಂಜು ಮೇಲಿರುತ್ತದೆ. ಆಲ್ಪ್ಸ್ ತಪ್ಪಲಿನಲ್ಲಿ ಈ ಕಾಲಕ್ಕೆ ಥಂಡಿ ಗಾಳಿ ಕೆಳಗೆ ಕೂತು, ಕೆರೆ ತುಂಬಿದ ಹಾಗೆ ಮಂಜು ತಗ್ಗಿನಲ್ಲೇ ತುಂಬಿಕೊಳ್ಳುತ್ತದೆ. ತಗ್ಗಿನ ಲೂಸರ್ನ್ ಊರಿನ ಹೋಟೆಲಿನ ಕಿಟಕಿಯಲ್ಲಿ ಏನೂ ಕಾಣದಿದ್ದರೂ ಮೇಲೆ ಝಗಝಗ ಬಿಸಿಲಿರಬಹುದು. ಕಿಟಕಿ ನೋಡಿ ತೀರ್ಮಾನಿಸಬೇಡಿ, ಆ ಘಾಟಿನ ವೆಬ್‌ಕ್ಯಾಮ್ ನೋಡಿ.

ಎಲ್ಲಕ್ಕಿಂತ ಮೊದಲು, ದಾರಿ ತೆರೆದಿರಬೇಕಲ್ಲ! ಫುರ್ಕಾ, ಗ್ರಿಮ್ಸೆಲ್ ಎರಡೂ ಹಿಮ ಬಿದ್ದ ಹಾಗೆ ಅಕ್ಟೋಬರ್–ನವೆಂಬರಿನಲ್ಲಿ ಮುಚ್ಚಿ, ಮೇ–ಜೂನಿನಲ್ಲಿ ತೆರೆಯುತ್ತವೆ. ನಡುವೆ ಒಂದು ರಾತ್ರಿ ಹಿಮ ಬಿದ್ದು ಎರಡು ದಿನ ಮುಚ್ಚಿ ಮತ್ತೆ ತೆರೆಯುವುದೂ ಉಂಟು. ತಪ್ಪಲಿನಲ್ಲೇ ಘಾಟಿನ ಹೆಸರಿರುವ ಫಲಕ ಇರುತ್ತದೆ: ಹಸಿರಿದ್ದರೆ ತೆರೆದಿದೆ, ಕೆಂಪಿದ್ದರೆ ಮುಚ್ಚಿದೆ. ಕೆಂಪಿದ್ದರೂ "ಸ್ವಲ್ಪ ದೂರ ಹೋಗಿ ನೋಡೂಣು" ಅನ್ನುವುದು ಅಲ್ಲಿ ನಡೆಯುವುದಿಲ್ಲ. ಘಾಟು ಹತ್ತಲೇಬೇಕೆಂದಿದ್ದರೆ 2,284 ಮೀಟರಿನ ಯೂಲಿಯರ್, 2,328 ಮೀಟರಿನ ಬರ್ನೀನಾ ರಸ್ತೆಗಳನ್ನು ಚಳಿಗಾಲದಲ್ಲೂ ಹಿಮ ಬಾಚಿ ತೆರೆದಿಡುತ್ತಾರೆ. ಬಿರುಗಾಳಿಗೆ ಅವೂ ಒಮ್ಮೊಮ್ಮೆ ಮುಚ್ಚುತ್ತವೆ.

ನಿಮ್ಮ ಲೈಸೆನ್ಸಿನ ಜೊತೆಗೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ, ಅದು ಒಂದು ವರ್ಷ ನಡೆಯುತ್ತದೆ.

ನಾನಾದರೆ ಬೆಳಿಗ್ಗೆ ಹತ್ತರ ಮೊದಲು ಹತ್ತುವುದಿಲ್ಲ, ಮಧ್ಯಾಹ್ನ ಮೂರೂವರೆಗೆ ಇಳಿಯಲು ಶುರು ಮಾಡುತ್ತೇನೆ. ಪಂಚಾಂಗದ ಸೂರ್ಯಾಸ್ತ ಆರೂವರೆ ಆದರೂ ಗುಡ್ಡದ ಮರೆಯ ರಸ್ತೆಗೆ ನಾಲ್ಕಕ್ಕೇ ಸಂಜೆ. ಫುರ್ಕಾ ಮುಚ್ಚಿದ್ದರೆ ಬೇಜಾರು ಬೇಡ. ರಿಯಾಲ್ಪಿನಲ್ಲಿ ಕಾರನ್ನು ಹಾಗೇ ರೈಲಿನ ಮೇಲೆ ಹತ್ತಿಸಿದರೆ, 1982ರಲ್ಲಿ ತೆರೆದ 15.4 ಕಿಲೋಮೀಟರ್ ಸುರಂಗದೊಳಗೆ ಹಾಯ್ದು ಆಚೆಯ ಓಬರ್‌ವಾಲ್ಡಿನಲ್ಲಿ ಇಳಿಸುತ್ತಾರೆ. ಕಾರಿನಲ್ಲೇ ಕೂತಿರಬೇಕು, ಹೊರಗೆ ಕತ್ತಲು, ನೋಡಲು ಏನೂ ಇಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿ ಮುಗಿಸಲು ಅಷ್ಟು ಹೊತ್ತು ಸಾಕು.